ನನ್ನ ಕೆಲಸಕ್ಕೆ ಜನ ಬೇಕಾಗಿದ್ದಾರೆ

ನನ್ನ ಕೆಲಸಕ್ಕೆ ಜನ ಬೇಕಾಗಿದ್ದಾರೆ ಎಂಬ ಜಾಹೀರಾತನ್ನು ಬರೆದವನು ನಾನೇ.

ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿ ಧಾರವಾಡದ ಅಂಕಲ್ ಒಬ್ಬರ ಖಾನಾವಳಿ ಇದೆ. ಅಡುಗೆ ಕೋರ್ಸ್ ಮುಗಿಸಿ ಅಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಬಿಡುವಾದಾಗ ಅಂಕಲ್ ದನಿಯಲ್ಲಿ ಅಂಕಲ್‌ನನ್ನೇ ಬೈಯುತ್ತಿದ್ದೆ, ಅಡುಗೆಮನೆಯೆಲ್ಲ ನಗುತ್ತಿತ್ತು. ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ಅವರು ಎರಡನೆಯ ಅಂಗಡಿ ತೆರೆದು ನನ್ನನ್ನು ಅಲ್ಲಿಗೆ ಕಳಿಸಿದರು. ಆಗ ನನ್ನ ವೀಸಾ ಮುಗಿಯಲು ಕೆಲವೇ ತಿಂಗಳಿದ್ದವು. ಅಂಕಲ್ ಸ್ಪಾನ್ಸರ್ ಮಾಡಿದರೆ ಇಲ್ಲಿ, ಇಲ್ಲವಾದರೆ ವಾಪಸ್ ಹುಬ್ಬಳ್ಳಿ.

ಸ್ಪಾನ್ಸರ್ ಎಂದರೆ ಒಂದು ಸಹಿ ಎಂದುಕೊಂಡಿದ್ದೆ, ಪೆದ್ದ. ಮೊದಲು ಇದು ನಿಜವಾದ ಅಂಗಡಿ ಎಂದು ಸರ್ಕಾರ ಒಪ್ಪಿ ಅಂಕಲ್‌ಗೆ ಅನುಮತಿ ಕೊಡಬೇಕಿತ್ತು. ಅದು ಬಂತು. ಆಮೇಲೆ ನನ್ನ ಕೆಲಸಕ್ಕೆ ಈ ದೇಶದವರು ಯಾರೂ ಸಿಗಲಿಲ್ಲವೆಂದು ತೋರಿಸಬೇಕು. ಅದಕ್ಕೆ ನಾಲ್ಕು ವಾರ ಜಾಹೀರಾತು ಹಾಕಬೇಕು. ಕೆಲಸ ಕೇಳಿ ಬಂದವರ ಪಟ್ಟಿ ಇಟ್ಟು, ಯಾರನ್ನು ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಬರೆಯಬೇಕು.

“ನಿನ್ನ ಕೆಲಸ ನಿನಗ ಗೊತ್ತಲ್ಲೋ, ನೀನ ಬರಿ,” ಎಂದರು ಅಂಕಲ್ ಸಿಡ್ನಿಯಿಂದ. “ಫೋನೂ ನೀನ ಎತ್ತು. ಹೆಂಗೂ ನನ್ನ ದನಿ ಕದ್ದೀಯಲ್ಲ.”

ಬರೆದೆ. ಅನುಭವಿ, ಶಿಸ್ತಿನವನು, ಒತ್ತಡದಲ್ಲೂ ಶಾಂತ. ಓದಿದರೆ ಯಾರೋ ಒಳ್ಳೆಯ ಮನುಷ್ಯ, ನನಗೆ ಪರಿಚಯವಿರಲಿಲ್ಲ.

ಆ ನಾಲ್ಕು ವಾರ ಫೋನ್ ರಿಂಗಾಗಬಾರದು ಎಂಬುದೇ ನನ್ನ ಪ್ರಾರ್ಥನೆ. ವಿಚಿತ್ರವೆಂದರೆ, ಅದು ರಿಂಗಾಗದಿದ್ದಷ್ಟೂ ಬೇಸರವಾಗುತ್ತಿತ್ತು. ಹೊಸ ಬಡಾವಣೆ, ಒಂದೇ ಥರದ ಮನೆಗಳು, ಗ್ಯಾರೇಜ್ ಬಾಗಿಲು ಮೇಲೇಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. ಮುಖ ಕಾಣುವುದಿಲ್ಲ. ಆರ್ಡರುಗಳೆಲ್ಲ ಆ್ಯಪಿನಲ್ಲಿ. ಅಂಕಲ್‌ನ ಅನುಕರಣೆ ಮಾಡಿದರೆ ಕೇಳಲು ಫ್ರಿಜ್ ಒಂದೇ, ಅದಕ್ಕೆ ಹಾಸ್ಯಪ್ರಜ್ಞೆ ಇಲ್ಲ.

ಮೂರನೆಯ ವಾರ, ಮಧ್ಯಾಹ್ನ, ಫೋನ್ ರಿಂಗಾಯಿತು. ಗಂಟಲು ದಪ್ಪ ಮಾಡಿಕೊಂಡು ಎತ್ತಿದೆ.

“ಹೇಳ್ರೀ.”

“ರೊಟ್ಟಿ ಕೆಲಸ ಐತಿ ಅಂತ ನೋಡಿದ್ನಿರಿ.” ಬೆಳಗಾವಿ ಕಡೆಯ ಹೆಂಗಸು. ಎರಡೇ ಬೀದಿ ಆಚೆ ಮನೆ. ಇಲ್ಲಿಯ ಸಿಟಿಜನ್.

ಅಂಕಲ್ ದನಿಯಲ್ಲೇ ಕೇಳಿದೆ: “ರೊಟ್ಟಿ ಬಡಿಯಾಕ ಬರ್ತದೇನ್ರೀ?”

“ನಿಮ್ಮ ಹುಡುಗಗಿಂತ ಚಲೋ ಬರ್ತದ. ಮೊನ್ನೆ ತರಿಸಿದ್ನಿರಿ. ಏನ್ರೀ ಅದು, ಅಂಚು ಒಳ್ಳೆ ಚಪ್ಪಲಿ ಅಟ್ಟಿ ಇದ್ದಂಗ!”

“ಹೌದ್ರೀ, ಅಂವ ಸ್ವಲ್ಪ ದಡ್ಡ,” ಎಂದೆ. ನನ್ನನ್ನು ಬೈಯಲು ಕೊನೆಗೂ ಜೊತೆ ಸಿಕ್ಕಿತ್ತು.

ಆಕೆ ನಕ್ಕರು. ಆಮೇಲೆ ದನಿ ಇಳಿಸಿದರು. “ನಾ ಬಂದ್ರ ಆ ಹುಡುಗನ್ನ ತೆಗೀತೀರೇನ್ರಿ? ಹಂಗಿದ್ರ ನನಗ ಬ್ಯಾಡ್ರಿ. ಪಾಪ, ಯಾರ ಮಗನೋ.”

ಅಂಕಲ್ ದನಿಯಲ್ಲಿ ‘ಹೌದ್ರೀ, ತೆಗೀತೇವಿ’ ಎಂದರೆ ಸಾಕಿತ್ತು. ಆಕೆ ತಾವಾಗಿ ಹಿಂದೆ ಸರಿಯುತ್ತಿದ್ದರು, ಪಟ್ಟಿ ಖಾಲಿ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದರೆ ನನ್ನದೇ ದನಿ ಬಂತು.

“ಆಂಟಿ, ಆ ದಡ್ಡ ನಾನ ರೀ.”

ಎಲ್ಲ ಹೇಳಿದೆ: ವೀಸಾ, ಜಾಹೀರಾತು, ಪಟ್ಟಿ.

“ನನಗೂ ಕೆಲಸ ಬೇಕಾಗೇದಪಾ,” ಎಂದರು ಆಕೆ. “ಮಕ್ಕಳು ಸಾಲಿಗೆ ಹೋದ್ರ ಮನ್ಯಾಗ ಗೋಡಿ ಜೋಡಿ ಮಾತಾಡ್ತೀನಿ.”

“ನಾನು ಫ್ರಿಜ್ ಜೋಡಿ.”

ಇಬ್ಬರೂ ನಗಲಿಲ್ಲ. ನಂಬರ್ ಕೇಳಿ ಪಟ್ಟಿಯಲ್ಲಿ ಬರೆದೆ, ಅಂಕಲ್‌ಗೆ ಕಳಿಸಿದೆ, ಮನೆಗೆ ಹೋಗಿ ಸೂಟ್‌ಕೇಸಿನ ಚಕ್ರ ಸರಿ ಇದೆಯೇ ಎಂದು ನೋಡಿದೆ.

ಮರುದಿನ ಅಂಕಲ್ ಫೋನ್ ಮಾಡಿದರು. “ಆಕಿ ಜೋಡಿ ಮಾತಾಡಿದೆ. ಸಂಜೀಕ ಬರಾಕ ಆಗೂದಿಲ್ಲಂತ, ಎರಡಕ್ಕ ಮಕ್ಕಳನ್ನ ಕರ್ಕೊಂಡು ಬರಾಕ ಹೋಗಬೇಕಂತ. ನಮ್ಮ ಕೆಲಸ ಪೂರ್ತಿ ದಿನದ್ದು, ಸಂಜಿ ಗದ್ದಲಾನೂ ನೋಡಬೇಕು. ಪಟ್ಟಿನಾಗ ಹಂಗ ಬರಿ.” ಕೆಮ್ಮಿದರು. “ಮುಂಜಾನೆ ರೊಟ್ಟಿಗಷ್ಟ ಬರ್ರಿ ಅಂದೇನಿ. ನಿನ್ನ ಅಂಚು ನನಗೂ ಸೇರೂದಿಲ್ಲ.”

ಹೀಗೆ ಆಕೆ ಬಂದರು, ನಾನು ನೋಡಲಿಲ್ಲ. ಆಕೆ ಹೋಗುವುದು ಎರಡಕ್ಕೆ. ರೊಟ್ಟಿಯ ಕೆಲಸ ತಪ್ಪಿದ ಮೇಲೆ ನನ್ನ ಪಾಳಿ ಮೂರರಿಂದ ರಾತ್ರಿಯವರೆಗೆ. ಬಂದಾಗ ಮೇಜಿನ ಮೇಲೆ ಬಿಳಿ ಬಟ್ಟೆ, ಅದರಡಿ ರೊಟ್ಟಿ, ಕಾಗದದಂಥ ಅಂಚು. ಕೈಯಿಟ್ಟರೆ ಇನ್ನೂ ಬೆಚ್ಚಗೆ. ಮೆಲ್ಬರ್ನಿನಲ್ಲಿ ನನಗೆ ಗೊತ್ತಿದ್ದ ಮನುಷ್ಯರೆಂದರೆ ಆ ಬಿಸಿ.

ವೀಸಾ ಬಂದ ದಿನ ಈಮೇಲನ್ನು ನಿಂತುಕೊಂಡೇ ಮೂರು ಸಲ ಓದಿದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅಂಕಲ್ ಫೋನ್ ಎತ್ತಲಿಲ್ಲ, ಹುಬ್ಬಳ್ಳಿಯಲ್ಲಿ ಅವ್ವ ಎತ್ತಿ ಅತ್ತು ಇಟ್ಟಳು. ಆಮೇಲೂ ಯಾರಿಗಾದರೂ ಹೇಳಬೇಕು ಅನ್ನಿಸುತ್ತಲೇ ಇತ್ತು. ಬಿಲ್ ಹಾಳೆ ಹರಿದು, ‘ಆಂಟಿ, ಆತು’ ಎಂದು ಬರೆದು ಬಟ್ಟೆಯ ಕೆಳಗಿಟ್ಟೆ.

ಮರುದಿನ ಚೀಟಿ ಇರಲಿಲ್ಲ. ತೆಳ್ಳನೆಯ ರೊಟ್ಟಿಗಳ ಮೇಲೆ ಒಂದೇ ಒಂದು ಬೇರೆ ಥರದ್ದು: ಸೊಟ್ಟಗೆ, ಅಂಚು ಚಪ್ಪಲಿ ಅಟ್ಟೆಯಷ್ಟು ದಪ್ಪ. ಥೇಟ್ ನನ್ನದು.

ಅದನ್ನು ಯಾರಿಗೂ ಬಡಿಸಲಿಲ್ಲ. ಅಂಚಿನ ಸಮೇತ ನಾನೇ ತಿಂದೆ.