ದಾರದಜ್ಜಿಯ ಗರಿಹೂ

ಮೊನ್ನೆ ನನ್ನ ಶಿವದಾರ ಸವೆದು ಹರಿಯುವ ಹಾಗಾಗಿತ್ತು. ಲಿಂಗದ ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಳ್ಳುವ ದಾರ ಅದು, ಎಲ್ಲೆಂದರಲ್ಲಿ ಕೈಕೊಟ್ಟರೆ ಆಗುವುದಿಲ್ಲ. ಹಳೆಯದೊಂದು ಇದ್ದೀತೆಂದು ಟ್ರಂಕಿನ ತಳದ ಮರದ ಡಬ್ಬಿ ತೆಗೆದೆ. ಮುಚ್ಚಳ ಸರಿಸಿದ್ದೇ ತಡ, ಕರ್ಪೂರ, ಬೇವಿನೆಲೆ, ಜೇನುಮೇಣ ಎಲ್ಲ ಕಲೆತ ವಾಸನೆ ಮೂಗಿಗೆ ಬಂತು. ಕರ್ಪೂರ ಯಾವತ್ತೋ ಹಾರಿಹೋಗಿದೆ, ವಾಸನೆ ಮಾತ್ರ ಮರಕ್ಕೆ ಅಂಟಿಕೊಂಡಿದೆ. ದಾರ ಸಿಗಲಿಲ್ಲ. ಪುಡಿಯಾದ ಎಲೆಗಳ ನಡುವೆ, ಸಣ್ಣ ಕೊಕ್ಕೆಗೆ ಗರಿ ಸುತ್ತಿ ಕಟ್ಟಿದ, ಕಿರುಬೆರಳ ಅರ್ಧದಷ್ಟು ಉದ್ದದ ಗರಿಹೂವೊಂದು ಸಿಕ್ಕಿತು. ನವಿಲಿನ ಹಸಿರು ಇನ್ನೂ ಮಾಸಿರಲಿಲ್ಲ... ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಮದುವೆಯಾಗಿ ಮಧುಗಿರಿಗೆ ಬಂದಾಗ ನನಗೆ ಹದಿನೇಳು. ಬೆಟ್ಟದ ಬುಡದ ಬೀದಿಯಲ್ಲಿ ನಮ್ಮ ಮನೆಗೂ ಪಕ್ಕದ ಅಜ್ಜಿಯ ಮನೆಗೂ ಒಂದೇ ಗೋಡೆ. ಊರೆಲ್ಲ ಆಕೆಯನ್ನು ದಾರದಜ್ಜಿ ಎಂದೇ ಕರೆಯುತ್ತಿತ್ತು. ನೂಲಿನ ಎಳೆಗಳನ್ನು ಕಾಲ್ಬೆರಳ ಸಂದಿಗೆ ಸಿಕ್ಕಿಸಿ, ಹುರಿ ಮಾಡಿ, ಮೇಣ ಸವರಿ ಶಿವದಾರ ಮಾಡುವುದು ಆಕೆಯ ಕಸುಬು. ಗಂಟು ಎಲ್ಲಿದೆಯೆಂದು ಹುಡುಕಿದರೂ ಸಿಗುತ್ತಿರಲಿಲ್ಲ. ಹೊಳವನಹಳ್ಳಿಯಿಂದಲೂ ಜನ ಬರುತ್ತಿದ್ದರು, ಹುಟ್ಟಿದ ಮಗುವಿಗೆ ಲಿಂಗ ಕಟ್ಟಲು ಈ ಅಜ್ಜಿಯ ದಾರವೇ ಬೇಕೆಂದು. ಬಾಯಿ ಮಾತ್ರ ಸ್ವಲ್ಪ ಖಾರ. ನನ್ನ ಸಾರಿನ ರುಚಿ ನೋಡಿ, ನಮ್ಮವರಿಗೆ ನಾಲಿಗೆ ಇಲ್ಲದ್ದು ನನ್ನ ಪುಣ್ಯ ಎಂದಿದ್ದಳು. ನಾನು ಬಸುರಿಯಾದ ಸುದ್ದಿ ನಮ್ಮತ್ತೆಗಿಂತ ಮೊದಲು ಆಕೆಗೆ ಗೊತ್ತಾಯಿತು.

"ನಿನ್ ಕೂಸಿಗೆ ನಾನೇ ದಾರ ಹೊಸೀತೀನಿ ಕಣಮ್ಮ. ಇನ್ಯಾರ್ತಾವೂ ಹೋಗ್ಬ್ಯಾಡ" ಅಂದಳು. ನನಗೆ ಅಷ್ಟು ಸಾಕಾಗಿತ್ತು.

ಆಗ ಮಹಾರಾಜರ ಕಾಲ. ಕೆರೆಗಳ ತೂಬು ರಿಪೇರಿಗೆಂದು ಬಿಳಿಯ ಇಂಜಿನಿಯರ್ ದೊರೆಯೊಬ್ಬ ಬಂದು ಬಂಗಲೆಯಲ್ಲಿ ಬಿಡಾರ ಮಾಡಿದ್ದ. ನಮ್ಮ ಯಜಮಾನರು ಅವನ ಕಚೇರಿಯಲ್ಲಿ ಗುಮಾಸ್ತರು. ದೊರೆಯ ಟೋಪಿಯ ಪಟ್ಟಿಗೆ ಯಾವಾಗಲೂ ಎರಡು ಮೂರು ಗರಿಹೂ ಸಿಕ್ಕಿಸಿರುತ್ತಿದ್ದವು. ಅವನ್ನಿಟ್ಟಿದ್ದ ಪೆಟ್ಟಿಗೆಗೆ ಹುಳ ಬಿದ್ದು ಎಲ್ಲ ಹಾಳಾಯಿತಂತೆ. ನಾಜೂಕಾಗಿ ಕಟ್ಟುವವರು ಯಾರಾದರೂ ಇದ್ದಾರೆಯೇ ಎಂದು ಅವನು ಕೇಳಿದಾಗ ಇವರು ಅಜ್ಜಿಯ ಹೆಸರು ಹೇಳಿದರು. ಟೋಪಿಗೆ ಸಿಕ್ಕಿಸುವ ಅಲಂಕಾರವೆಂದು ಇವರೂ ತಿಳಿದರು, ನಾನೂ ತಿಳಿದೆ. ಬಟ್ಟೆಗೆ ಸಿಕ್ಕಿಸಬೇಕಾದರೆ ಕೊಕ್ಕೆ ಬೇಡವೇ? ಮೀನಿನ ವಾಸನೆಯನ್ನೂ ಕಾಣದ ಮನೆಗಳು ನಮ್ಮವು. ಎರೆಹುಳು ಚುಚ್ಚಿದ ಗಾಳ ಗೊತ್ತಿತ್ತೇ ಹೊರತು, ಜರಿ ಎಳೆ ಸುತ್ತಿ ನವಿಲುಗರಿ ಉಡಿಸಿದ ಗಾಳ ಇದ್ದೀತೆಂದು ಕನಸಿನಲ್ಲೂ ಹೊಳೆಯಲಿಲ್ಲ.

ದೊರೆಯ ಬಟ್ಲರು ಶಿರಾ ಕಡೆಯ ಸಾಹೇಬ. ಮಾದರಿಗೆ ಒಂದು ಗರಿಹೂ, ಸಣ್ಣ ಕೊಕ್ಕೆಗಳು, ರೇಷ್ಮೆ ದಾರ, ಕಾಗದದಲ್ಲಿ ಸುತ್ತಿದ ಗರಿಗಳನ್ನು ತಂದು ಜಗುಲಿಯ ಮೇಲಿಟ್ಟ. ನವಿಲುಗರಿ ನಮಗೆ ಹೊಸದಲ್ಲ. ಇನ್ನೊಂದಿತ್ತು, ಬೂದು ಬಣ್ಣದ ಕಾಡುಹಕ್ಕಿಯ ಕತ್ತಿನ ಗರಿ. ಅದರ ತುದಿಯಲ್ಲಿ ಅರಿಶಿನದ ಮೇಣ ಹನಿಸಿದ ಹಾಗೆ ಒಂದೊಂದು ಚುಕ್ಕೆ. ಎಲ್ಲ ಕಾಡಿನಲ್ಲಿ ಉದುರಿದ್ದನ್ನು ಆರಿಸಿದ್ದು ಅಂದ. ನಾವು ನಂಬಿದೆವು. ನಂಬುವುದೇ ಅನುಕೂಲವಾಗಿತ್ತು.

ಗರಿಯ ಎಳೆ ಒಣಗಿದ್ದರೆ ಸುತ್ತುವಾಗ ಮುರಿಯುತ್ತದೆ, ತುಟಿಗೆ ತಾಗಿಸಿ ಒದ್ದೆ ಮಾಡಿಕೊಳ್ಳಬೇಕೆಂದು ಬಟ್ಲರು ತೋರಿಸಿಕೊಡಲು ಹೋದ. ಅಜ್ಜಿ ಮುಖ ಕಿವುಚಿದಳು. ಎಂಜಲು ಮಾಡಿದ್ದನ್ನು ದೊರೆ ತಲೆ ಮೇಲೆ ಹೊರಿಸಲೇ? ಒದ್ದೆ ಬಟ್ಟೆಯ ಮಡಿಕೆಯಲ್ಲಿ ಗರಿಗಳನ್ನು ಒಂದು ಗಳಿಗೆ ಮಲಗಿಸಿ ತೆಗೆಯುವುದನ್ನು ತಾನೇ ಕಂಡುಕೊಂಡಳು. ಕೈಯ ಜಿಡ್ಡು ತಾಗಿದರೆ ಗರಿ ಅಂಟಿಕೊಂಡು ಕಾಗೆಯ ಪುಕ್ಕದ ಹಾಗಾಗುತ್ತಿತ್ತು. ಅದಕ್ಕೆ ಸೀಗೆಪುಡಿಯಲ್ಲಿ ಕೈ ತೊಳೆದೇ ಕೂರುವಳು. ಕೊಕ್ಕೆಯನ್ನು ಅಕ್ಕಸಾಲಿಗನ ಇಕ್ಕಳಕ್ಕೆ ಕಚ್ಚಿಸಿ, ಇಕ್ಕಳವನ್ನು ಕಾಲ್ಬೆರಳಲ್ಲಿ ಅದುಮಿ ಹಿಡಿಯುವಳು. ಬೆಟ್ಟದ ಬಂಡೆ ಕಾದು ಗಾಳಿ ಏಳುವ ಮೊದಲೇ ಕೆಲಸ ಮುಗಿಯಬೇಕು. ಮೊದಲ ಸುತ್ತಿಗೆ ಬಲ ಹಾಕಬಾರದು, ಹಾಕಿದರೆ ಗರಿ ಮಗ್ಗುಲಾಗಿಬಿಡುತ್ತದೆ. ಸಡಿಲವಾಗಿ ಒಂದು ಸುತ್ತು ಬಳಸಿ, ಉಗುರಿನಲ್ಲಿ ಹಿಡಿದು, ಆಮೇಲೆ ಬಿಗಿ. ಒಂದೇ ಎಳೆ ನಿಲ್ಲದೆಂದು ನವಿಲಿನ ಎಳೆಯನ್ನು ದಾರದ ಜೊತೆ ಸೇರಿಸಿ ಹುರಿ ಮಾಡಿ ಸುತ್ತುತ್ತಿದ್ದಳು. ಪಕ್ಕದಲ್ಲಿ ಕುಳಿತ ನಾನು ಒಮ್ಮೆ ಸೀನಿ ಅಷ್ಟನ್ನೂ ಹಾರಿಸಿದೆ. ಅಜ್ಜಿ ಬೈಯಲಿಲ್ಲ, ಎದ್ದು ಹೋಗಿ ನನ್ನ ಅತ್ತೆಯನ್ನು ಕರೆದು ನನ್ನನ್ನು ಕರೆದುಕೊಂಡು ಹೋಗುವಂತೆ ಹೇಳಿದಳು.

ಹೀಗೆ ಎರಡು ಡಬ್ಬಿ ತುಂಬಿ ಬಂಗಲೆಗೆ ಹೋದವು. ಒಂದು ಬೆಳಿಗ್ಗೆ ಕೆರೆ ಏರಿ ಕಡೆಯಿಂದ ಬರುವ ಸೊಪ್ಪಿನವಳು ಬುಟ್ಟಿ ಇಳಿಸಿ, ಅಜ್ಜಿಯ ಕೈಯಲ್ಲಿದ್ದುದನ್ನು ನೋಡಿದಳು.

"ಇದಾ? ಆ ದೊರೆ ಕೋಲಿನ ದಾರಕ್ಕೆ ಕಟ್ಕಂಡು ಕೆರೆಗೆ ಬೀಸ್ತಾನಲ್ಲ, ಮೀನ್ಗೆ. ದಿನಾ ನೋಡ್ತೀನಿ ಕಣಜ್ಜಿ."

ಅಜ್ಜಿಯ ಕಾಲ್ಬೆರಳಿಂದ ಇಕ್ಕಳ ಜಾರಿತು. ಹಿತ್ತಲಿಗೆ ಹೋಗಿ ಕೈ ತೊಳೆದಳು. ಮತ್ತೆ ತೊಳೆದಳು. ಮರುದಿನ ಯಾರೋ ಶಿವದಾರ ಕೇಳಿಕೊಂಡು ಬಂದರೆ ಆಗುವುದಿಲ್ಲವೆಂದು ಕಳಿಸಿದಳು. ಅದರ ಮರುದಿನವೂ ಅಷ್ಟೇ. ನಾನು ಹತ್ತಿರ ಹೋಗಿ ಕುಳಿತೆ.

"ಎಷ್ಟು ಜೀವ ಹೋಯ್ತೋ ಗೊತ್ತಿಲ್ಲ. ಈ ಕೈಯಾಗೆ ನಿನ್ ಕೂಸಿಗೆ ದಾರ ಹೆಂಗೆ ಹೊಸೀಲಿ, ಹೇಳು" ಅಂದಳು.

ನನಗೆ ಅಳು ಬಂತು. ಆ ಕೆಲಸ ಬಂದಿದ್ದೇ ನಮ್ಮ ಮನೆಯಿಂದ. ಕಸುಬನ್ನೇ ಬಿಟ್ಟು ಕುಳಿತಿದ್ದಳು, ನನ್ನ ಮಗುವಿನ ದಾರವೂ ಹೋಯಿತು. ಎಷ್ಟು ಜೀವ ಎಂಬ ಲೆಕ್ಕವನ್ನಾದರೂ ತಿಳಿದು ಬರೋಣವೆಂದು ಮರುದಿನ ಬೆಳಿಗ್ಗೆ ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಸೊಪ್ಪಿನವಳ ಜೊತೆ ಕೆರೆಗೆ ಹೋದೆ. ದೊರೆ ಮೊಣಕಾಲುದ್ದ ನೀರಿನಲ್ಲಿ ನಿಂತು ಕೋಲು ಬೀಸುತ್ತಿದ್ದ. ಗರಿಹೂ ಹೋಗಿ ನೀರಿನ ಮೇಲೆ ಮೆಲ್ಲಗೆ ಕೂರುತ್ತಿತ್ತು. ನಿಜ ಹೇಳಬೇಕೆಂದರೆ ನೋಡಲು ಚೆನ್ನಾಗಿತ್ತು. ಬಟ್ಲರು ಹೊಂಗೆಮರದ ಕೆಳಗೆ ಖಾಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ. ಎಷ್ಟು ಮೀನು ಬಿದ್ದವೆಂದು ಕೇಳಿದೆ.

"ಏನ್ ಹೇಳ್ಲಿ ಬೇಟಿ, ತಿಂಗಳಾಯ್ತು, ಒಂದ್ ಮೀನೂ ಮೂಸ್ಲಿಲ್ಲ. ಬಾವರ್ಚಿಖಾನೆಲಿ ದಿನಾ ಬೇಳೆ ಸಾರೇ."

ನನಗೆ ಹೋದ ಜೀವ ಬಂದಂತಾಯಿತು. ಅವನು ಅಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು. ಈ ಕೆರೆಯ ಮೀನಿಗೆ ಇದು ಒಗ್ಗುವುದಿಲ್ಲ, ದೊರೆಯ ದೇಶದ ತಣ್ಣನೆಯ ಹೊಳೆಯಲ್ಲಾದರೆ ಬಾಯಿ ಹಾಕುತ್ತವಂತೆ, ಕೆಲಸ ನೋಡಿ ದೊರೆ ಖುಷಿಯಾಗಿ ಒಂದು ಡಬ್ಬಿಯನ್ನು ಹಾಗೇ ತಮ್ಮನಿಗೆಂದು ಹಡಗಿನಲ್ಲಿ ಕಳಿಸುತ್ತಿದ್ದಾನೆ ಎಂದೂ ಹೇಳಿದ.

ದಾರಿಯುದ್ದಕ್ಕೂ ಯೋಚಿಸಿದೆ. ಮನೆಗೆ ಬಂದು ಮೊದಲರ್ಧ ಮಾತ್ರ ಹೇಳಿದೆ.

"ಒಂದೂ ಇಲ್ಲ ಅಜ್ಜಿ. ಒಂದ್ ಮೀನೂ ಬಿದ್ದಿಲ್ಲವಂತೆ."

ಅಜ್ಜಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ನನ್ನ ಊದಿದ ಕಾಲು ನೋಡಿದಳು. "ಅಂಗಾರೆ ಸರಿ ಬುಡು" ಅಂದಳು. ಆಮೇಲೆ ನಕ್ಕಳು, "ಮೀನೂ ಮೂಸ್ನಾರ್ದಂಗೆ ಕಟ್ಟಿವ್ನಾ ನಾನು?" ಆ ನಗು ಕೇಳಿ ಎದೆಯ ಮೇಲಿದ್ದ ಒರಳುಕಲ್ಲು ಇಳಿಸಿದಂತಾಯಿತು. ಮರುದಿನ ನೂಲು ಬಿಚ್ಚಿದಳು. ಅವತ್ತಿನಿಂದ ಪ್ರತಿ ಸೋಮವಾರ ಕೆರೆಗೆ ಹೋಗಿ ಒಂದು ಹಿಡಿ ಪುರಿ ಮೀನಿಗೆ ಹಾಕಿ ಬರುವಳು. ಮೋಸ ಹೋಗದ ಮೀನುಗಳ ಮೇಲೆ ಮುದ್ದು ಬಂದಿದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಕೈಲಾದಷ್ಟು ದಿನವೂ ಅದನ್ನು ಬಿಡಲಿಲ್ಲ.

ಹೆರಿಗೆಗೆಂದು ಕೊರಟಗೆರೆಯ ತವರಿಗೆ ಹೊರಟಾಗ ಗಾಡಿಯ ಹತ್ತಿರ ಬಂದು ಮಗುವಿನ ದಾರ ಕೊಟ್ಟಳು. ಜೊತೆಗೆ ಇಕ್ಕಳದಲ್ಲೇ ಉಳಿದಿದ್ದ ಕೊನೆಯ ಗರಿಹೂವನ್ನೂ ಕೊಟ್ಟಳು. ಏನೋ ಅಂದಳು. ಅಣ್ಣ ಅವಸರ ಮಾಡುತ್ತಿದ್ದ, ಎತ್ತುಗಳು ಕಾಲು ಕೆದರುತ್ತಿದ್ದವು, ನಾನು ಹೂಂ ಅಂದೆ ಅಷ್ಟೆ.

ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಆ ದಾರ ನನ್ನ ಮಗನ ಕೊರಳಲ್ಲಿದ್ದಷ್ಟೂ ದಿನ ನನಗೊಂದು ಅಳುಕಿತ್ತು. ಅರ್ಧ ಸತ್ಯ ಹೇಳಿ ದಾರ ಹೊಸೆಸಿಕೊಂಡೆ, ಗೊತ್ತಿದ್ದರೆ ಆಕೆ ಹೊಸೆಯುತ್ತಿರಲಿಲ್ಲ ಎಂದು. ಯಾರಿಗೂ ಹೇಳಿಕೊಳ್ಳಲಿಲ್ಲ.

ಮೊನ್ನೆ ಕನ್ನಡಕ ಹಾಕಿಕೊಂಡು ಗರಿಹೂವನ್ನು ಬೆಳಕಿಗೆ ಹಿಡಿದೆ. ಕೊಕ್ಕೆಯ ಮೊನೆಯನ್ನು ಅಜ್ಜಿ ಒಳಕ್ಕೆ ಬಗ್ಗಿಸಿ, ಮೂಗುತಿಯ ಹಾಗೆ ಬಾಯಿ ಮುಚ್ಚಿಬಿಟ್ಟಿದ್ದಳು. ಇಷ್ಟು ವರ್ಷ ಅದನ್ನು ಗಮನಿಸಿಯೇ ಇರಲಿಲ್ಲ. ಅದನ್ನು ನೋಡುತ್ತ ನೋಡುತ್ತ ಗಾಡಿಯ ಹತ್ತಿರ ಅಜ್ಜಿ ಅಂದಿದ್ದು ನೆನಪಾಯಿತು... "ಇದೊಂದಾದ್ರೂ ಹಡಗು ಹತ್ತದಂಗೆ ಇರ್ಲಿ ಕಣಮ್ಮ."

ನಾನು ಹಡಗಿನ ಮಾತೇ ಎತ್ತಿರಲಿಲ್ಲ. ಎರಡನೆಯ ಡಬ್ಬಿ ತೆಗೆದುಕೊಂಡು ಹೋಗಲು ಬಂದ ದಿನವೇ, ಅದು ಹಡಗಿನಲ್ಲಿ ದೊರೆಯ ತಮ್ಮನಿಗೆ ಹೋಗುತ್ತದೆಂದು ಬಟ್ಲರು ಆಕೆಗೆ ಹೇಳಿರಬೇಕು. ಎಲ್ಲ ಗೊತ್ತಿದ್ದೇ ನೂಲು ಬಿಚ್ಚಿದ್ದಳು, ಗೊತ್ತಿದ್ದೇ ನನ್ನ ಮಗುವಿಗೆ ದಾರ ಹೊಸೆದಿದ್ದಳು. ದೂರದ ಹೊಳೆಯ ಮೀನಿಗೆ ಇಲ್ಲಿಯ ಕೆರೆಯಲ್ಲೇ ಪುರಿ ಹಾಕಿದ್ದಳು. ನಾನು ಆಕೆಯನ್ನು ವಂಚಿಸಿರಲಿಲ್ಲ. ನಾನು ನಿರಾಳವಾಗಿ ತವರಿಗೆ ಹೋಗಲೆಂದು ಆಕೆಯೇ ನಂಬಿದಂತೆ ಮಾಡಿದ್ದಳು. ಕಣ್ಣು ತುಂಬಿ ಬಂತು, ಮನಸ್ಸು ಮಾತ್ರ ಹಗುರವಾಯಿತು. ಇದನ್ನು ಹೇಳಿಕೊಳ್ಳಲು ಗೋಡೆಯಾಚೆ ಆಕೆ ಇಲ್ಲ.

ಶಿವದಾರ ಅಂಗಡಿಯಿಂದಲೇ ತರಿಸಿದೆ, ಗಂಟು ದಪ್ಪಗೆ ಕಾಣುತ್ತದೆ. ಇವತ್ತು ಸೋಮವಾರ. ಈ ಸಲ ಕೆರೆಯಲ್ಲಿ ನೀರಿದೆ. ಮೊಮ್ಮಗಳಿಗೆ ಒಂದು ಸೇರು ಪುರಿ ತರಲು ಹೇಳಿದ್ದೇನೆ.