ಬಾಂಬರ್‌ನ ಸೊಂಟ

ಹುಣಸೂರಿನ ಬಡಗಿ ಮಹದೇವಪ್ಪ ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮೂವತ್ತು ವರ್ಷ ಬಾಗಿಲು, ಚೌಕಟ್ಟು, ಮಂಚ ಅಂತ ಮರ ಕೆತ್ತಿದ್ದೇ ಬಂತು. ಒಂದು ವಿಷಯ ವಿವರಿಸಿ ಹೇಳಪ್ಪಾ ಎಂದು ಅವನನ್ನು ಕೇಳಿದವರಿಲ್ಲ. ಕೊನೆಗೂ ಕೇಳಿದವರು ಎಚ್.ಡಿ. ಕೋಟೆಯ ಹೈಸ್ಕೂಲೊಂದರ ವಿಜ್ಞಾನದ ಮೇಡಂ ರೂಪಶ್ರೀ. ವಸ್ತುಪ್ರದರ್ಶನಕ್ಕೆ ಹಳೆಯ ಬಾಂಬರ್ ವಿಮಾನವೊಂದನ್ನು ಕೆತ್ತಿಕೊಡಬೇಕು, ಅದರ ಆಕಾರ ಯಾಕೆ ಹಾಗಿದೆ ಎಂದು ಮಕ್ಕಳಿಗೆ ಅವನೇ ನಿಂತು ಹೇಳಬೇಕು.

ವಿಮಾನ ಬಿ-58. ಶಬ್ದಕ್ಕಿಂತ ವೇಗವಾಗಿ ಹಾರುವ ಬಾಂಬರ್‌ಗಳಲ್ಲಿ ಅಮೆರಿಕದ ಸೇನೆ ಸೇರಿದ ಮೊದಲನೆಯದು. ಮೊದಲು ಹಾರಿದ್ದು 1956ರಲ್ಲಿ. ಶಬ್ದದ ವೇಗ ಹತ್ತಿರವಾದಂತೆಲ್ಲ ಗಾಳಿ ಆ ಕಾಲದ ವಿಮಾನಗಳನ್ನು ಹಿಂದಕ್ಕೆ ಜಗ್ಗುತ್ತಿತ್ತಂತೆ. ರೆಕ್ಕೆ ಕೂಡುವ ಕಡೆ ಒಡಲನ್ನು ಸಣ್ಣ ಮಾಡಿದ ಮೇಲೆ ಜಗ್ಗಾಟ ಕಡಿಮೆಯಾಯಿತು. ಇಷ್ಟು ತಲೆಗೆ ಹೋಗಲು ಮಹದೇವಪ್ಪ ಮೇಡಂಗೆ ಆರು ಸಲ ಫೋನ್ ಮಾಡಿದ್ದ. ತಿಳಿದ ದಿನ ಊಟವನ್ನೂ ಮರೆತು ತೇಗದ ತುಂಡಿನ ನಡುವನ್ನು ಕೆತ್ತಿದ.

ಪ್ರದರ್ಶನದ ದಿನ, ಒಂಬತ್ತರ ಬಸ್ಸು ಹಿಡಿಯುವ ಮೊದಲು ಪಾಲಿಶ್‌ಗೆ ಕೊಟ್ಟಿದ್ದನ್ನು ತರಲು ಗೆಳೆಯ ಶಂಕರನ ಅಂಗಡಿಗೆ ಹೋದರೆ, ವಿಮಾನಕ್ಕೆ ಸೊಂಟವೇ ಇಲ್ಲ! ಮರದ ಪುಡಿಗೆ ಗೋಂದು ಕಲಸಿ ತುಂಬಿ, ಉಜ್ಜಿ, ಬೆಳ್ಳಿ ಬಣ್ಣ ಬಳಿದು ಸೌತೆಕಾಯಿ ಮಾಡಿಟ್ಟಿದ್ದ ಪುಣ್ಯಾತ್ಮ. ಪಾಲಿಶ್‌ಗೆ ಮೊದಲು ತಗ್ಗು ತುಂಬುವುದು ಕಸುಬಿನ ರೂಢಿ, ನಿಜ. ಹಾಗಂತ ಕೇಳದೆಯೇ ತುಂಬುವುದೆ?

"ಏನ್ಲಾ ಮಾಡ್ಬುಟ್ಟೆ?"

"ಏನ್ ಮಾಡ್ದೆ? ಎರಡ್ ಕಡೆನೂ ನೀನ್ ಜಾಸ್ತಿ ತಗ್ದಿದ್ದೆ, ಮುಚ್ದೆ. ಇವತ್ತೇನ್ ಒಸ್ದಾ? ಇಪ್ಪತ್ ವರ್ಸದಿಂದ ನಿನ್ ಉಳಿ ಜಾರಿದ್ ಕಡೆಯೆಲ್ಲ ತುಂಬ್ಕೊಂಡ್ ಬಂದಿವ್ನಿ ಕಣ್ಲಾ. ಯಾರ್‌ಗಾದ್ರೂ ಬಾಯ್ಬುಟ್ಟಿವ್ನಾ?"

ಶಂಕರ ಹೇಳಿದ್ದು ಸುಳ್ಳಲ್ಲವಲ್ಲ! ಮತ್ತೆ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದು? ಮಹದೇವಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಚೀಲದಿಂದ ಉಳಿ ತೆಗೆದು ಕೆರೆಯತೊಡಗಿದ. ಗೋಂದು ಕಲ್ಲಾಗಿತ್ತು. ಬಸ್ಸು ಹೊರಟೇ ಹೋಯಿತು.

"ಬುಡ್ಲಾ, ನೀಟಾಗೇ ಅದೆ," ಅಂದ ಶಂಕರ.

"ನೀಟಾಗೇನೋ ಅದೆ. ಇಂಗಿದ್ರೆ ಗಾಳಿ ಬುಡಾಕಿಲ್ಲ ಕಣ್ಲಾ." ಮಹದೇವಪ್ಪನ ಕಣ್ಣು ತುಂಬಿ ಬಂತು. "ಮೂವತ್ ವರ್ಸದಲ್ಲಿ ಯಾಕೆ ಅಂತ ತಿಳ್ಕೊಂಡ್ ಕೆತ್ತಿದ್ದು ಇದೊಂದೇ. ಅದ್ನೂ ತಪ್ಪು ಅಂದ್ಕೊಂಡ್ಯಲ್ಲೋ!"