ನಾನ್‌ಹ್ವಾಳ ಅಳತೆಯ ಮನೆ

ಬೋಬೆ ಹೊರಮನೆಗೆ ಬಂದ ಮೊದಲ ವಾರವಿಡೀ ಹಣೆ ಬಡಿಸಿಕೊಂಡದ್ದೇ ಬಂತು. ಅಡುಗೆಮನೆಯ ಬಾಗಿಲು ಗಿಡ್ಡ, ಪಾತ್ರೆ ಇಡುವ ಹಲಗೆ ಗಿಡ್ಡ, ಒಲೆಯ ಕಟ್ಟೆಯಂತೂ ಮೊಣಕಾಲಿಗಿಂತ ತುಸುವೇ ಮೇಲೆ. ಹೊಸ್ತಿಲ ಪಕ್ಕದಲ್ಲಿ ತೊಲೆಯಿಂದ ಒಂದು ಹಗ್ಗ ಇಳಿಬಿದ್ದಿತ್ತು, ಹಿಡಿದು ಹಿಡಿದು ನುಣುಪಾದ ಹಗ್ಗ. ಅದನ್ನು ಕತ್ತರಿಸಿ ಎಸೆಯಬೇಕೆಂದು ಕತ್ತರಿ ಹುಡುಕುತ್ತಿದ್ದಾಗ ಒಲೆಯ ಮೇಲೆ ಅನ್ನ ಉಕ್ಕಿತು. ಆ ಕಡೆ ಓಡಿದಳು, ಹಗ್ಗ ಉಳಿದುಕೊಂಡಿತು.

ಕೊರಿಯಾದ ದಕ್ಷಿಣಕ್ಕಿರುವ ನಮ್ಮ ಜೆಜು ದ್ವೀಪದಲ್ಲಿ ಒಂದು ಅಂಗಳಕ್ಕೆ ಎರಡು ಮನೆ. ಒಳಮನೆ ದೊಡ್ಡದು, ಸಂಸಾರ ನಡೆಸುವವರದು. ಎದುರಿನ ಹೊರಮನೆ ಚಿಕ್ಕದು. ಮಗನಿಗೆ ಮಕ್ಕಳಾಗಿ ಜಾಗ ಸಾಲದಾದಾಗ ದೊಡ್ಡವರು ಒಳಮನೆ ಬಿಟ್ಟುಕೊಟ್ಟು ಹೊರಮನೆಗೆ ಬರುತ್ತಾರೆ. ಬಂದರೂ ಅನ್ನ ಬೇರೆ. ಅತ್ತೆಯ ಒಲೆ ಅತ್ತೆಗೆ, ಸೊಸೆಯ ಒಲೆ ಸೊಸೆಗೆ. ಕೈಕಾಲು ಆಡುವವರೆಗೆ ತನ್ನ ಅನ್ನ ತಾನೇ ಬೇಯಿಸಿಕೊಳ್ಳುವ ಮುದುಕಿಗೆ ಇಲ್ಲಿ ಮರ್ಯಾದೆ. ಸೊಸೆಯ ಪಾತ್ರೆಗೆ ಕೈಚಾಚಿದವಳನ್ನು ಊರು ಆಗಲೇ ಅರ್ಧ ಮಸಣಕ್ಕೆ ಕಳಿಸಿಕೊಟ್ಟಿರುತ್ತದೆ. ಹೊರಗಿನವರಿಗೆ ಇದು ಕಲ್ಲುಮನಸ್ಸು ಅನ್ನಿಸಬಹುದು. ಅನ್ನಿಸಲಿ, ಅವರೇನು ಬಂದು ನಮ್ಮ ಪಾತ್ರೆ ತೊಳೆಯುವುದಿಲ್ಲವಲ್ಲ.

ಬೋಬೆಗೆ ಹೊರಮನೆ ಕಹಿಯಾಗಿದ್ದಕ್ಕೆ ಕಾರಣ ಬೇರೆಯೇ ಇತ್ತು. ಅದು ನಾನ್‌ಹ್ವಾಳ ಮನೆ. ಮಗ ಗಿಬೊಮ್ ಶಾಲೆಗೆ ಸೇರುವ ಮೊದಲೇ ಗಂಡ ಕರೆತಂದು ಅಲ್ಲಿ ಕೂರಿಸಿದ ಎರಡನೆಯ ಹೆಂಡತಿ. ಗಿಡ್ಡ ಹೆಂಗಸು, ಎಡಗಾಲು ಕುಂಟು, ಮಕ್ಕಳಾಗಲಿಲ್ಲ. ಗಿಬೊಮ್ ಅಮ್ಮನ ಕಣ್ಣು ತಪ್ಪಿಸಿ ಅಲ್ಲಿಗೆ ನುಗ್ಗಿ ಸುಟ್ಟ ಗೆಣಸು ತಿಂದು, ಬಾಯಿ ಒರೆಸಿಕೊಂಡು ಬರುತ್ತಿದ್ದ. ಬೋಬೆಗೆ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇದ್ದಳು. ಆದರೆ ನಾನ್‌ಹ್ವಾಳ ಜೊತೆ ಮಾತ್ರ ಒಂದು ಮಾತೂ ಆಡಲಿಲ್ಲ, ಹೆಸರನ್ನೂ ಎತ್ತಲಿಲ್ಲ. ಹೇಳಲೇಬೇಕಾದಾಗ ‘ಹೊರಮನೆಯವಳು’ ಎಂದು ಹೇಳಿ ಮುಗಿಸುವಳು. ಗಂಡ ಯಕೃತ್ತು ಕೆಟ್ಟು ಸತ್ತ. ಸಿಟ್ಟೆಲ್ಲ ಅವನ ಮೇಲಿನದು, ಅವನೇ ಹೋದ. ಆಮೇಲಾದರೂ ಮಾತಾಡಬಹುದಿತ್ತು. ಶುರುಮಾಡಲು ಒಂದು ನೆಪ ಬೇಕಲ್ಲ, ಅದು ಇಬ್ಬರಿಗೂ ಸಿಗಲಿಲ್ಲ.

ಅವರ ನಡುವೆ ಇದ್ದದ್ದು ಒಂದು ಕೆಮ್ಮು. ಅಂಗಳದ ಮೂಲೆಯ ಕಕ್ಕಸು ಎರಡೂ ಮನೆಗೆ ಒಂದೇ. ಅಲ್ಲಿಗೆ ಹೋಗುವವರು ಬಾಗಿಲಲ್ಲಿ ಕೆಮ್ಮಿಯೇ ಒಳಗೆ ಕಾಲಿಡಬೇಕು, ನಮ್ಮಲ್ಲಿ ಇದು ಮಗುವಿಗೂ ಗೊತ್ತು. ಕಕ್ಕಸಿನ ದೇವಿ ಉದ್ದ ಕೂದಲು ಹರಡಿಕೊಂಡು ಒಂದೊಂದೇ ಎಳೆ ಎಣಿಸುತ್ತ ಕೂತಿರುತ್ತಾಳೆ; ಸದ್ದಿಲ್ಲದೆ ನುಗ್ಗಿದರೆ ಬೆಚ್ಚುತ್ತಾಳೆ, ಬೆಚ್ಚಿದರೆ ಬಿಡುವುದಿಲ್ಲ. ಅವಳೂ ಒಲೆಯ ದೇವಿಯೂ ಒಬ್ಬನೇ ಗಂಡನ ಇಬ್ಬರು ಹೆಂಡಿರು, ಒಬ್ಬರ ಮುಖ ಒಬ್ಬರಿಗಾಗದು. ಅದಕ್ಕೇ ಅಡುಗೆಮನೆಗೂ ಕಕ್ಕಸಿಗೂ ನಡುವೆ ಇಡೀ ಅಂಗಳ. ಅಲ್ಲಿಯ ಒಂದು ಕಡ್ಡಿಯನ್ನೂ ಇಲ್ಲಿಗೆ ತರುವಂತಿಲ್ಲ. ಬೋಬೆ ಬಾಗಿಲಲ್ಲಿ ಕೆಮ್ಮಿದಾಗ ಒಳಗೆ ನಾನ್‌ಹ್ವಾ ಇದ್ದರೆ, ಸಣ್ಣಗೆ ಎರಡು ಸಲ ಕೆಮ್ಮುವಳು. ಬೋಬೆ ಗೋಡೆಯ ಹತ್ತಿರ ಸರಿದು ನಿಲ್ಲುವಳು. ನಾನ್‌ಹ್ವಾ ತಲೆ ತಗ್ಗಿಸಿ ಹೊರಬಂದು ಎಡಗಾಲು ಎಳೆಯುತ್ತ ಹೋಗುವಳು. ಇಬ್ಬರ ತಲೆಯೂ ನರೆಯುವವರೆಗೆ ಇಷ್ಟೇ ನಡೆಯಿತು.

ಒಂದು ಚಳಿಗಾಲ ನಾನ್‌ಹ್ವಾ ನಿದ್ದೆಯಲ್ಲೇ ಹೋದಳು. ಬೋಬೆಯೇ ಮುಂದೆ ನಿಂತು ಎಲ್ಲ ಕರ್ಮ ಮಾಡಿಸಿದಳು, ಯಾವುದರಲ್ಲೂ ಕೈ ಬಿಗಿ ಹಿಡಿಯಲಿಲ್ಲ. ಆಮೇಲೆ ಹೊರಮನೆಗೆ ಬಿದ್ದ ಬೀಗ, ಬೋಬೆ ತಾನೇ ಅಲ್ಲಿಗೆ ಹೋಗಬೇಕಾದ ಕಾಲ ಬಂದಾಗಲೇ ತೆಗೆದದ್ದು. ಊರಿನವರು ಸುಮ್ಮನಿರುತ್ತಾರೆಯೇ? ಕಿತ್ತಳೆ ತೋಟದ ಕೂಲಿಯವರಿಂದ ಹಿಡಿದು ಮೀನಂಗಡಿಯವಳವರೆಗೆ ಎಲ್ಲರೂ ಅವಳನ್ನೇ ‘ಹೊರಮನೆಯವಳು’ ಎಂದು ಕರೆಯತೊಡಗಿದರು. ಮೊದಲ ಸಲ ಅದು ಕಿವಿಗೆ ಬಿದ್ದಾಗ ಬೋಬೆ ಹಿಂದೆ ತಿರುಗಿ ಯಾರಿದ್ದಾರೆಂದು ನೋಡಿದಳು.

ವರ್ಷಗಳು ಹೋದವು. ವಯಸ್ಸು ಮನುಷ್ಯರನ್ನು ಕುಗ್ಗಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಕುಗ್ಗಿಸುತ್ತದೆಂದು ಬೋಬೆಗೆ ತಿಳಿದದ್ದು ಹಣೆ ಬಡಿಯುವುದು ನಿಂತಾಗ. ಒಂದು ದಿನ ಹಲಗೆಯ ಮೇಲಿನ ಉಪ್ಪಿನ ಜಾಡಿಗೆ ಕೈಹಾಕಿದಳು; ಜಾಡಿ ತಾನಾಗಿ ಕೈಗೆ ಬಂದು ಕೂತಂತಾಯಿತು. ಬಲಮೊಣಕಾಲು ಸವೆದ ಮೇಲೆ ಆ ಗಿಡ್ಡ ಒಲೆಕಟ್ಟೆಯ ಮುಂದೆ ಮಣೆ ಹಾಕಿಕೊಂಡು ಕೂತೇ ಅಡುಗೆ ಮಾಡಬಹುದಾಯಿತು. ಹೊಸ್ತಿಲು ದಾಟುವಾಗ ಕೈ ಹಗ್ಗವನ್ನು ಹುಡುಕಿತು. ಯಾವ ಬಡಗಿಯನ್ನೂ ಕರೆಸಬೇಕಾಗಲಿಲ್ಲ, ಮನೆ ಅವಳ ಮುದಿತನಕ್ಕಾಗಿ ಮೊದಲೇ ಅಣಿಯಾಗಿ ಕೂತಿತ್ತು.

ಆ ಮನೆಯಲ್ಲಿ ಬೋಬೆ ಸುಖಪಟ್ಟಳು, ಇದನ್ನು ಮುಚ್ಚಿಡಬೇಕಾದ್ದಿಲ್ಲ. ಒಳಮನೆಯಲ್ಲಿದ್ದಾಗ ನೆಲ ಒರೆಸುವುದೆಂದರೆ ಶಿಕ್ಷೆ. ಇಲ್ಲಿ ಒಂದೇ ಕೋಣೆ, ಬೆಳಗಿನ ಬಿಸಿಲು ಬರುವಷ್ಟರಲ್ಲಿ ಒರೆಸಿ ಮುಗಿಸಿ ಅದರ ಹೊಳಪು ನೋಡುತ್ತ ಕೂರುವಳು. ಒಂದು ಹಿಡಿ ಬಾರ್ಲಿ, ಒಂದು ಹಿಡಿ ಅಕ್ಕಿ, ತನಗೆ ಬೇಕಾದಷ್ಟೇ ಮೆತ್ತಗೆ ಅನ್ನ. ಸೋಯಾ ಕಾಳು ಅರೆದು ಹುದುಗಿಸಿದ ಜಾಡಿಗಳ ಮುಚ್ಚಳ ತೆಗೆದು ಬಿಸಿಲು ಕುಡಿಸುವುದು, ಒರೆಸುವ ಬಟ್ಟೆ ಕುದಿಸಿ ಕರಿಕಲ್ಲಿನ ಗೋಡೆಯ ಮೇಲೆ ಹರವುವುದು, ಕಿತ್ತಳೆ ಸಿಪ್ಪೆ ಒಣಗಿಸುವುದು. ಬೇಗ ಮುಗಿಸು ಎನ್ನುವವರು ಯಾರೂ ಇಲ್ಲ. ಬೋಬೆ ಕೆಲಸವನ್ನು ಎಳೆಯ ಮಗುವಿಗೆ ಉಣಿಸುವ ಹಾಗೆ ನಿಧಾನವಾಗಿ ಮಾಡುವಳು.

ಆದರೆ ಆ ಸುಖದ ಪಕ್ಕದಲ್ಲೇ ಭಯವೂ ಇತ್ತು. ಬಲಗಡೆಯ ಮೊಳೆಗೆ ನೇತುಹಾಕಿದ ಸೌಟು ಬೆಳಿಗ್ಗೆ ಎಡಗಡೆಯ ಮೊಳೆಯಲ್ಲಿರುವುದು. ಸಂಜೆ ಅಂಗಳದ ಜಲ್ಲಿಯ ಮೇಲೆ ಒಂದು ಹೆಜ್ಜೆ, ಒಂದು ಎಳೆತ. ಒಂದು ಹೆಜ್ಜೆ, ಒಂದು ಎಳೆತ. ಬಾಗಿಲು ತೆಗೆದರೆ ಗಾಳಿ. ತಾನೇ ಸೌಟು ಬದಲಿಸಿ ಮರೆತೆನೋ, ತನ್ನ ಕಾಲೇ ಹಾಗೆ ಎಳೆಯುತ್ತಿದೆಯೋ ಎಂದುಕೊಳ್ಳುವಳು. ಹಗ್ಗ ಹಿಡಿದಾಗ ಮಾತ್ರ ಮೈ ಜುಮ್ಮೆನ್ನುವುದು. ಅದು ಸವೆದ ಜಾಗದಲ್ಲಿ ಅವಳ ಅಂಗೈ ಸರಿಯಾಗಿ ಕೂರುತ್ತಿತ್ತು.

ಒಂದು ಶರತ್ಕಾಲದ ಸಂಜೆ ಬೋಬೆ ಅಂಗಳ ದಾಟಿ ಕಕ್ಕಸಿನ ಬಾಗಿಲಲ್ಲಿ ಕೆಮ್ಮಿದಳು. ಒಳಗಿನಿಂದ ಸಣ್ಣಗೆ ಎರಡು ಕೆಮ್ಮು ಬಂತು. ಎದೆ ಧಸಕ್ಕೆಂದರೂ ಕಾಲು ಮಾತ್ರ ತನ್ನ ಹಳೆಯ ಅಭ್ಯಾಸ ಬಿಡಲಿಲ್ಲ; ಗೋಡೆಯ ಹತ್ತಿರ ಸರಿದು ನಿಂತಳು. ಒಳಗಿರುವವರು ಬರುವ ಮೊದಲು ಬಾಗಿಲು ತಳ್ಳುವುದು ಎಲ್ಲಿಯ ಮರ್ಯಾದೆ? ನಿಂತಳು. ಗಾಳಿ ಎದ್ದಿತು, ಹನಿ ಬಿತ್ತು, ಕತ್ತಲು ಇಳಿಯಿತು. ಯಾರೂ ಹೊರಬರಲಿಲ್ಲ, ಅವಳೂ ಕದಲಲಿಲ್ಲ. ಕೊನೆಗೆ ಬಲಮೊಣಕಾಲು ಕೈಕೊಟ್ಟಿತು.

ಕೆಳಗೆ ಬಿದ್ದಿದ್ದವಳನ್ನು ಕಂಡದ್ದು ಸೊಸೆ ಹೇರಾನ್. ಹೊತ್ತು ತಂದು ಮಲಗಿಸಿ, ಬಟ್ಟೆ ಬದಲಿಸಿ, ಕಾಲಿಗೆ ಶಾಖ ಕೊಡುತ್ತ ಕೇಳಿದಳು. “ಅಷ್ಟು ಹೊತ್ತು ಮಳೇಲಿ ಯಾಕೆ ನಿಂತಿದ್ರಿ ಅತ್ತೆ?”

“ಒಳಗೆ ಜನ ಇದ್ರು.”

ಹೇರಾನ್ ಗಂಡನ ಮುಖ ನೋಡಿದಳು. ಮನೆಯವರೆಲ್ಲ ಆ ಹೊತ್ತಿಗೆ ಒಳಮನೆಯಲ್ಲಿ ಊಟಕ್ಕೆ ಕೂತಿದ್ದರು. ಗಿಬೊಮ್ ಒಳ್ಳೆಯ ಮಗನೇ. ಹೆದರಿದಾಗ ಮಾತ್ರ ಅವನ ದನಿ ಅಪ್ಪನ ದನಿಯಾಗುವುದು.

“ಅಮ್ಮ, ಇನ್ನೊಂದ್ಸಲ ಹೀಗೇನಾದ್ರೂ ಅಂದ್ರೆ ಇಲ್ಲಿ ಗ್ಯಾಸ್ ತೆಗೆಸಿಬಿಡ್ತೀನಿ. ನಮ್ಮ ಜೊತೇನೇ ಊಟ, ನಮ್ಮನೇಲೇ ನಿದ್ದೆ.”

“ನನ್ನ ಅನ್ನ ಕಿತ್ಕೊಳ್ತೀಯಾ?”

“ಕಿತ್ಕೊಳ್ತೀನಿ ಅಂದ್ನಾ? ಹಾಕ್ತೀನಿ ಅಂದೆ.”

“ಎರಡೂ ಒಂದೇ,” ಎಂದು ಬೋಬೆ ಗೋಡೆಯ ಕಡೆ ಹೊರಳಿದಳು.

ಕಕ್ಕಸನ್ನು ಹೊರಮನೆಯೊಳಗೇ ಕಟ್ಟಿಸುವುದೆಂದು ತೀರ್ಮಾನವಾಯಿತು. ಹೇರಾನ್ ದ್ವೀಪದವಳಲ್ಲ, ಕಡಲಾಚೆಯ ಮುಖ್ಯಭೂಮಿಯವಳು, ಮರುದಿನವೇ ಪೇಟೆಯಿಂದ ಆಳು ಕರೆಸಲು ಹೊರಟಳು. ಬೋಬೆ ಬಿಲ್‌ಕುಲ್ ಒಪ್ಪಲಿಲ್ಲ. ಮನೆಯ ದೇವರುಗಳೆಲ್ಲ ಮನೆಯಲ್ಲೇ ಇರುವಾಗ ಗೋಡೆ ಒಡೆದರೆ ಕೇಡು ತಪ್ಪದು. ಚಳಿಗಾಲದ ಕೊನೆಗೆ ಅವರು ಲೆಕ್ಕ ಒಪ್ಪಿಸಲು ಮೇಲಕ್ಕೆ ಹೋಗುತ್ತಾರೆ, ಹೊಸಬರು ಬರುವವರೆಗೆ ಕೆಲವೇ ದಿನ ಮನೆ ಖಾಲಿ. ದ್ವೀಪದಲ್ಲಿ ಮನೆ ಬದಲಿಸುವುದು, ಒಲೆ ಕೀಳುವುದು, ಕಕ್ಕಸು ರಿಪೇರಿ ಎಲ್ಲ ಆಗಲೇ. ಊರಿನ ಗಾರೆಕೆಲಸದ ದುಸಿಕ್‌ನನ್ನು ಕೇಳಿದರೆ ಅವನೂ ಅದನ್ನೇ ಅಂದ. ದೇವರುಗಳಿಗೂ ವರ್ಷಕ್ಕೊಮ್ಮೆ ರಜೆ ಇದೆ, ಈ ಮನೆಯಲ್ಲಿ ನನಗೊಬ್ಬಳಿಗೇ ಇಲ್ಲ ಎಂದು ಹೇರಾನ್ ಗೊಣಗಿದಳು. ಆದರೂ ಅಲ್ಲಿಯವರೆಗೆ ಅತ್ತೆಯ ಕೋಣೆಗೆ ಒಂದು ಪಾತ್ರೆ ತಂದಿಟ್ಟು, ಬೆಳಿಗ್ಗೆ ಮಾತಿಲ್ಲದೆ ಅದನ್ನು ತೊಳೆದಿಟ್ಟಳು.

ಆ ಚಳಿಗಾಲವೆಲ್ಲ ಬೋಬೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅಂಗಳದಲ್ಲಿ ಕಾಲೆಳೆತ ಕೇಳಿದರೂ ಸೊಸೆಯ ಮುಂದೆ ಕತ್ತು ಆಚೆ ತಿರುಗಿಸುತ್ತಿರಲಿಲ್ಲ. ಒಂದು ಮಾತು ಜಾರಿದರೆ ಒಲೆ ಹೋಯಿತು. ಅನ್ನದ ಪಾತ್ರೆಯನ್ನು ದಿನಕ್ಕೆರಡು ಸಲ ತಿಕ್ಕುತ್ತಿದ್ದಳು, ಯಾರೋ ಬಂದು ಒಯ್ಯುತ್ತಾರೆಂಬಂತೆ. ತಿಕ್ಕುವಾಗ ಒಂದೇ ಯೋಚನೆ. ಹಳೆಯ ಕಕ್ಕಸು ಒಡೆದ ಮೇಲೆ ಆ ಕೆಮ್ಮಿನವಳೆಲ್ಲಿ ಹೋಗುತ್ತಾಳೆ? ಹೊಸದಕ್ಕೆ ಸಿಕ್ಕ ಜಾಗ ಅಡುಗೆಮನೆಯ ಗೋಡೆಯ ಆಚೆ ಬದಿ, ಬೇರೆ ಜಾಗವೇ ಇರಲಿಲ್ಲ. ಅಂದರೆ ಇಲ್ಲಿಗೇ ಬರುತ್ತಾಳೆ, ಒಲೆಗೆ ಬೆನ್ನುಹಚ್ಚಿ ಕೂರುತ್ತಾಳೆ. ಮೊದಮೊದಲು ಇದನ್ನು ನೆನೆದೇ ಬೋಬೆಗೆ ಅನ್ನ ಸೇರುತ್ತಿರಲಿಲ್ಲ. ಹಾಗೇ ಒಂದು ಬೆಳಿಗ್ಗೆ ಕೂತಲ್ಲೇ ಕೈಚಾಚಿ ಉಪ್ಪು ತೆಗೆದುಕೊಳ್ಳುವಾಗ ಅವಳ ಕೈ ಗಾಳಿಯಲ್ಲೇ ನಿಂತಿತು. ಬರುತ್ತಾಳೆ ಅನ್ನುವುದೆಲ್ಲಿಂದ ಬಂತು? ಅವಳ ಮನೆಗೆ ಬಂದವಳು ತಾನು. ಹಲಗೆ ಹೊಡೆಸಿದವಳು, ಒಲೆಕಟ್ಟೆ ಕಟ್ಟಿಸಿದವಳು, ಹಗ್ಗ ಬಿಗಿದವಳು ಅವಳು. ಮೈ ಕೆಡುವುದೆಂದರೇನು, ಹೊಸ್ತಿಲು ಎಷ್ಟು ಎತ್ತರ, ನೀರಿನ ಕೊಡ ಎಷ್ಟು ಭಾರ ಎಂದು ಹರೆಯದಲ್ಲೇ ತಿಳಿದಿದ್ದವಳು. ಬೋಬೆಗೆ ನಾಚಿಕೆಯಾಯಿತು.

ದೇವರುಗಳು ಹೋದ ವಾರ ದುಸಿಕ್ ಬಂದ. ಗೋಡೆ ಎದ್ದಿತು, ನೆಲಕ್ಕೆ ಬಿಲ್ಲೆ ಬಿತ್ತು. ಒಲೆಗೂ ಇದಕ್ಕೂ ಒಂದೇ ಗೋಡೆಯಾಯಿತಲ್ಲ ಎಂದು ಅವನಿಗೆ ಇರಿಸುಮುರಿಸು. ಪೇಟೆಯ ಅಪಾರ್ಟ್‌ಮೆಂಟುಗಳಲ್ಲೆಲ್ಲ ಹಾಗೇ ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕೊನೆಯ ದಿನ ಕೈಯೂರಿ ಏಳಲು ಗೋಡೆಗೆ ಹಿಡಿಕೆ ಕೂರಿಸುವ ಕೆಲಸ ಉಳಿದಿತ್ತು. ಗಿಬೊಮ್, ಹೇರಾನ್ ಇಬ್ಬರೂ ನೋಡುತ್ತ ನಿಂತಿದ್ದರು. ನಮ್ಮಲ್ಲಿ ಹಿರಿಯರು ಗಂಡಾಗಲಿ ಹೆಣ್ಣಾಗಲಿ ಊರಿಗೆಲ್ಲ ಸಮ್‌ಚುನ್.

“ಸಮ್‌ಚುನ್, ನಿಮ್ದು ಬಲಗಾಲಲ್ವಾ? ಬಲಗಡೆ ಹಾಕ್ತೀನಿ,” ಎಂದ ದುಸಿಕ್.

“ಎಡಗಡೇನೂ ಒಂದು ಹಾಕು.”

“ಇಷ್ಟು ಚಿಕ್ಕ ಜಾಗಕ್ಕೆ ಎರಡ್ಯಾಕೆ? ಒಂದೇ ಸಾಕು.”

ಎಡಗಾಲೂ ಇವತ್ತಲ್ಲ ನಾಳೆ ಹೋಗುತ್ತೆ ಕಣಪ್ಪ ಎಂಬ ಉತ್ತರ ಬೋಬೆಯ ನಾಲಿಗೆಯ ತುದಿಯಲ್ಲೇ ಇತ್ತು. ಒಳ್ಳೆಯ ಉತ್ತರ, ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಅದನ್ನು ಹೇಳಿದ್ದರೆ ಒಲೆ ಉಳಿಯುತ್ತಿತ್ತು, ನಾನ್‌ಹ್ವಾ ಮತ್ತೆ ಹೊರಗೇ ಉಳಿಯುತ್ತಿದ್ದಳು. ಬೋಬೆ ಹೊಸ್ತಿಲ ಹಗ್ಗ ಹಿಡಿದುಕೊಂಡಳು.

“ಅದು ನಾನ್‌ಹ್ವಾಗೆ,” ಎಂದಳು. “ಅವಳಿಗೆ ಎಡಗಾಲು ಆಗ್ತಿರ್ಲಿಲ್ಲ.”

ದುಸಿಕ್ ಹಿಡಿಕೆಯನ್ನು ಕೈಯಲ್ಲೇ ಇಟ್ಟುಕೊಂಡು ನಿಂತ. ಹೇರಾನ್ ಗಂಡನ ತೋಳು ಮುಟ್ಟಿದಳು. ಹೇಳಿದ ಮಾತು ಹೇಳಿಯಾಗಿತ್ತು. ಗ್ಯಾಸ್ ಒಲೆಯನ್ನು ಇವತ್ತೇ ಒಯ್ಯುತ್ತಾರೋ ಊಟವಾದ ಮೇಲೋ ಎಂದು ಬೋಬೆ ಯೋಚಿಸಿದಳು. ಮೂಲಂಗಿ ಹೆಚ್ಚಿಟ್ಟದ್ದು ಹಾಗೇ ಇತ್ತು. ಗಿಬೊಮ್ ಅಮ್ಮನನ್ನು ನೋಡುತ್ತಲೇ ಇದ್ದ. ಐವತ್ತು ದಾಟಿದ ಮಗ ಆ ಹೆಸರನ್ನು ಅಮ್ಮನ ಬಾಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಮುಂದೆ ಬಂದು ದುಸಿಕ್‌ನ ಕೈಯಿಂದ ಹಿಡಿಕೆ ತೆಗೆದುಕೊಂಡು ಎಡಗಡೆಯ ಗೋಡೆಗೆ ಹಿಡಿದ. ಆಮೇಲೆ ಒಂದು ಗೇಣು ಕೆಳಗಿಳಿಸಿದ.

“ಇಲ್ಲಿಗಿರ್ಲಿ,” ಎಂದ. “ಚಿಕ್ಕಮ್ಮ ಗಿಡ್ಡ ಇದ್ಲು.”

ಹೊಸ ದೇವರುಗಳು ಬಂದು ನೆಲೆಯಾದ ಮೇಲಿನ ಒಂದು ಸಂಜೆ ಬೋಬೆ ಮಣೆಯ ಮೇಲೆ ಕೂತು ಮೂಲಂಗಿ ಸಾರು ಕುದಿಸುತ್ತಿದ್ದಳು. ಒಳಮನೆಯಿಂದ ಸೊಸೆ ತಟ್ಟೆ ಬಡಿಯುವ ಸದ್ದು ಬರುತ್ತಿತ್ತು. ಆಗ ಒಲೆಯ ಹಿಂದಿನ ಗೋಡೆಯ ಆಚೆಯಿಂದ, ಕಿವಿಯ ಹತ್ತಿರವೇ ಅನ್ನುವಷ್ಟು ಹತ್ತಿರದಿಂದ, ಸಣ್ಣಗೆ ಎರಡು ಕೆಮ್ಮು. ಬೋಬೆಯ ಕೈಯಲ್ಲಿ ಸೌಟು ನಿಂತಿತು. ಹೆದರಿಕೆಯಾಯಿತು. ಬದುಕಿಡೀ ಈ ಸದ್ದಿಗೆ ತುಟಿ ಬಿಗಿದು ಗೋಡೆಗೆ ಸರಿದು ನಿಂತವಳು ಈಗ ಕೂತಲ್ಲೇ ಕೂತಿದ್ದಳು, ಸರಿಯುವುದಕ್ಕೆ ಜಾಗವೂ ಇರಲಿಲ್ಲ.

“ನೆಲ ತಣ್ಣಗಿದೆ ಅಲ್ಲಿ,” ಎಂದು ಗೋಡೆಯ ಕಡೆ ತಿರುಗಿ ಹೇಳಿದಳು. “ಚಪ್ಪಲಿ ಮೆಟ್ಕೊಂಡು ಹೋಗು, ನಾನ್‌ಹ್ವಾ.”

ಹೇಳಿ, ಉರಿ ಸಣ್ಣ ಮಾಡಿ, ಮೂಲಂಗಿ ಬೆಂದಿದೆಯೋ ಎಂದು ನೋಡಿದಳು.